ಕಾಯಿಕೊರಕವನ್ನು ಉಪವಾಸ ಕೆಡವುವುದು ಹೇಗೆ?

ಕಾಫಿಯ ಕಾಯಿಕೊರಕ, ಅಂದರೆ ಕಾಯಿಯನ್ನು ಕೊರೆದು ಒಳಗೇ ಬೆಳೆಯುವ ಪುಟ್ಟ ದುಂಬಿ, ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಹಾಗಾಗಿ ಗೂಡಲೂರು, ಪಂದಲೂರು ಕಡೆಯ ಬೆಳೆಗಾರರಿಗೆ ‘ಬೋರರ್’ ಯಾರೆಂದು ಹೇಳಬೇಕಿಲ್ಲ. ಈಗಿನ ತಲೆನೋವು ಹವಾಮಾನದ್ದು. ಮಳೆ ಹೊತ್ತುಗೊತ್ತಿಲ್ಲದೆ ಬಿದ್ದರೆ ಹೂವೂ ಕಂತುಕಂತಾಗಿ ಅರಳುತ್ತದೆ. ಒಂದೇ ಗಿಡದಲ್ಲಿ ಮಿಡಿ, ಹಸಿರುಕಾಯಿ, ಹಣ್ಣು ಮೂರೂ ಇದ್ದರೆ ಹುಳುವಿಗೆ ವರ್ಷಪೂರ್ತಿ ಊಟ. ಜೊತೆಗೆ ಸೆಖೆ. ಸುಮಾರು 15 ಡಿಗ್ರಿಗಿಂತ ಕೆಳಗೆ ಇದು ಬೆಳೆಯುವುದಿಲ್ಲ. 27ರ ಆಸುಪಾಸಿನವರೆಗೆ ಬಿಸಿ ಏರಿದಷ್ಟೂ ಬೇಗ ಸಂತಾನ ಹೆಚ್ಚಿಸುತ್ತದೆ. ಎತ್ತರದ ತೋಟದವರೂ ಇನ್ನು ಚಳಿಯನ್ನು ನಂಬಿ ಕೂರುವಂತಿಲ್ಲ.

ಮೊದಲು ಕಾಯಿಯ ಹೊಕ್ಕುಳು, ಅಂದರೆ ತೊಟ್ಟಿನ ಎದುರಿನ ತುದಿ ನೋಡಿ. ಗುಂಡುಸೂಜಿ ಚುಚ್ಚಿದಂಥ ತೂತಿದ್ದರೆ ಉಗುರಿನಿಂದ ಸೀಳಿ. ಒಳಗೆ ಪುಡಿ, ಬಿಳಿ ಮರಿಹುಳು, ಎರಡು ಮಿಲಿಮೀಟರ್ ಕೂಡ ಇಲ್ಲದ ಕಪ್ಪು ದುಂಬಿ ಕಾಣುತ್ತವೆ. ಹಾರಿ ಬೇರೆ ಕಾಯಿ ಹುಡುಕುವುದು ಹೆಣ್ಣು ಮಾತ್ರ. ಗಂಡಿಗೆ ಹಾರಲು ಬಾರದು.

ಕೊಯ್ಲು ತಡಮಾಡಬೇಡಿ, ಗಿಡದ ಬುಡಕ್ಕೆ ಚಾಪೆಯೋ ಟಾರ್ಪಾಲೋ ಹಾಸಿ ಕೊಯ್ಯಿರಿ. ಆಮೇಲಿನದೇ ಮುಖ್ಯ ಕೆಲಸ: ಗಿಡದಲ್ಲಿ ಉಳಿದದ್ದನ್ನೂ ನೆಲಕ್ಕುದುರಿದ್ದನ್ನೂ ಒಂದು ಬಿಡದೆ ಹೆಕ್ಕಿಸುವುದು. ಕೂಲಿ ಲೆಕ್ಕ ಹಾಕಿದರೆ ಗಿಟ್ಟುವುದಿಲ್ಲ ಅನ್ನುತ್ತಾರೆ, ಹೆಕ್ಕಿದ ಕಾಫಿಯ ಬೆಲೆಯನ್ನಷ್ಟೇ ನೋಡಿದರೆ ನಿಜ. ಆದರೆ ಒಣಗಿದ ಕಾಯಿಯೊಳಗೆ ದುಂಬಿಗಳು ಗುಂಪಾಗಿ ಮಳೆಗೆ ಕಾಯುತ್ತಿರುತ್ತವೆ; ನೆಲ ಒದ್ದೆಯಾದದ್ದೇ ಹೊರಟು ಹೊಸ ಫಸಲಿಗೆ ಬೀಳುತ್ತವೆ. ಆದ್ದರಿಂದ ಮುಂಗಾರುಪೂರ್ವ ಮಳೆಗೆ ಮೊದಲೇ ಹೆಕ್ಕಿ ಮುಗಿಸಿ. ಅಕಾಲದ ಹೂವಿನಿಂದ ಕಚ್ಚಿದ ಕಾಯಿಯನ್ನೂ ಕಿತ್ತುಹಾಕಿ, ನಾಲ್ಕು ಕಾಸು ಬರುತ್ತದೆಂಬ ಆಸೆ ಬೇಡ.

ಹುಳುಬಿದ್ದ ಕಾಯಿಯನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಆಮೇಲೆ ಕಣದಲ್ಲಿ ಹರಡಿ. ರೋಬಸ್ಟಾ ತಳಿಯ ಚೆರ್ರಿಯ (ಸಿಪ್ಪೆ ಸಮೇತ ಒಣಗಿಸುವ ಹಣ್ಣಿನ) ತೇವಾಂಶ 11 ಶೇಕಡಕ್ಕೆ ಇಳಿಯುವವರೆಗೆ ಒಣಗಿಸಿ. ಅರೆಒಣಗಿದ ಮೂಟೆಯಲ್ಲಿ ಹುಳು ಹಾಯಾಗಿರುತ್ತದೆ. ಕಣದ ಸುತ್ತ ಆಲ್ಕೋಹಾಲ್ ವಾಸನೆಗೆ ದುಂಬಿಯನ್ನು ಸೆಳೆದು ಹಿಡಿಯುವ ಬೋನು ಕಟ್ಟಬಹುದು, ಆದರೆ ಹೆಕ್ಕದೆ ಬೋನು ಕಟ್ಟಿ ಫಲವಿಲ್ಲ. ಮಳೆಗಾಲದ ತೇವದಲ್ಲಿ ಹುಳುವಿಗೆ ರೋಗ ತಂದು ಕೊಲ್ಲುವ ಬ್ಯುವೇರಿಯಾ ಶಿಲೀಂಧ್ರದ ಸಿಂಪಡಣೆಯೂ ನೆರವಾಗುತ್ತದೆ.

ಅರೇಬಿಕಾ ತಳಿಯ ಕಾಫಿ ಇದ್ದವರು ಬಿಸಿಲಿಗೆ ಹೆದರಬೇಕಾದದ್ದು ಇನ್ನೊಂದು ಕೀಟಕ್ಕಾಗಿ, ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕಕ್ಕಾಗಿ. ನೆರಳು ತೆಳುವಾದ ಕಡೆ ಅದರ ಹಾವಳಿ ಜಾಸ್ತಿ, ನೆರಳಿನ ಮರ ಸವರುವಾಗ ಕೈ ಬಿಗಿಹಿಡಿಯಿರಿ.

ಪಕ್ಕದಲ್ಲಿ ಪಾಳುಬಿದ್ದ ತೋಟವಿದ್ದರೆ ಯಜಮಾನರನ್ನು ಕೇಳಿಕೊಂಡು ಅಲ್ಲಿಯೂ ಹೆಕ್ಕಿಸಿ. ಕೂಲಿ ನಿಮ್ಮದೇ ಆದರೂ ಸರಿ.