ಫಾರ್ಮ್ಯಾಟ್ ಮಾಡದೆ ಎಬ್ಬಿಸಿದ ದಲ್ಲಾಳಿ ಅಂಗಡಿಯ ಸರ್ವರ್

ಹೋದ ತಿಂಗಳು ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಅಂಗಡಿಯ ಸರ್ವರನ್ನು ಡೆಬಿಯನ್ (ಲಿನಕ್ಸಿನ ಒಂದು ಬಗೆ) 13ಕ್ಕೆ ಏರಿಸಿದೆ. 2018ರಲ್ಲಿ ಡೆಬಿಯನ್ 9 ಹಾಕಿ ಕೊಟ್ಟ ಅದೇ ಡಬ್ಬ. ನಡುವೆ 10, 11, 12 ಅಂತ ಒಂದೊಂದೇ ಮೆಟ್ಟಿಲು ಹತ್ತಿಸಿದ್ದೇನೆ. ಡೆಬಿಯನ್‌ನಲ್ಲಿ ಮೆಟ್ಟಿಲು ಹಾರುವಂತಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಫಾರ್ಮ್ಯಾಟ್ ಮಾಡಿಲ್ಲ. "ಓಡ್ತಿರೋದನ್ನ ಮುಟ್ಟಬೇಡ, ಅಪ್‌ಡೇಟ್ ಮಾಡಿದ್ರೆ ಏಳಲ್ಲ" ಎಂದು ನನ್ನ ಗೆಳೆಯರು ಬಹಳ ವರ್ಷದಿಂದ ಹೇಳುತ್ತಲೇ ಇದ್ದರು. ಅವರದ್ದೂ ತಪ್ಪಿಲ್ಲ. ಒಂದು ಸಲ ಅದು ನಿಜವಾಗಿಯೂ ಏಳಲಿಲ್ಲ.

2020ರ ಜುಲೈ ಕೊನೆ. ಗ್ರಬ್‌ನಲ್ಲಿ (ಯಂತ್ರ ಆನ್ ಆದೊಡನೆ ಸಿಸ್ಟಂ ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಬೂಟ್‌ಹೋಲ್ ಅನ್ನುವ ಭದ್ರತೆಯ ತೂತು ಸಿಕ್ಕಿ, ದೊಡ್ಡ ಲಿನಕ್ಸ್ ಡಿಸ್ಟ್ರೋಗಳೆಲ್ಲ ಒಟ್ಟಿಗೇ ತೇಪೆ ಹಾಕಿದ ವಾರ ಅದು. ರಾತ್ರಿ ಒಂಬತ್ತೂವರೆಗೆ ಮನೆಯಿಂದಲೇ ಎಸ್‌ಎಸ್‌ಎಚ್‌ನಲ್ಲಿ ಹೋಗಿ ಅಪ್‌ಡೇಟ್ ಕೊಟ್ಟೆ. ಎಲ್ಲಾ ಸುಸೂತ್ರ, ಒಂದೂ ಎರರ್ ಇಲ್ಲ. ರೀಬೂಟ್ ಕೊಟ್ಟು, ಎದ್ದಿತಾ ಎಂದು ನೋಡೋಕೆ ಪಿಂಗ್ ಹಾಕಿ ಕೂತೆ. ಊಟ ಮಾಡಿ ಬಂದೆ. ಪಿಂಗ್ ಇನ್ನೂ ಸತ್ತೇ ಇತ್ತು.

ಬೆಳಗ್ಗೆ ಏಳಕ್ಕೆ ಯಾರ್ಡಿಗೆ ಹೋಗಿ, ಧೂಳು ಹಿಡಿದ ಮಾನಿಟರ್ ಒರೆಸಿ ನೋಡಿದರೆ ಎರಡೇ ಸಾಲು. 'ಸಿಂಬಲ್ ಗ್ರಬ್_ಕ್ಯಾಲಾಕ್ ನಾಟ್ ಫೌಂಡ್.' ಕೆಳಗೆ ಗ್ರಬ್ ರೆಸ್ಕ್ಯೂ ಪ್ರಾಂಪ್ಟ್. ನಾರ್ಮಲ್ ಮಾಡ್ಯೂಲ್ (ಡಿಸ್ಕಿನಲ್ಲಿರುವ ಗ್ರಬ್‌ನ ಉಳಿದ ತುಂಡು) ಲೋಡ್ ಮಾಡು ಎಂದರೂ ಅದೇ ಮಾತು.

"ಏನ್ ತಮ್ಮಾ, ನಿನ್ನೆ ತನಕ ಚೆನ್ನಾಗೇ ಇತ್ತಲ್ಲ?" ಎಂದರು ಸಾಹುಕಾರ್ರು.

"ರಾತ್ರಿ ನಾನೇ ಅಪ್‌ಡೇಟ್ ಮಾಡಿದೆ ಸಾಹುಕಾರ್ರೆ."

"ಮಾಡು ಅಂತ ಯಾರು ಹೇಳಿದ್ರು ನಿನಗೆ?"

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಪುಣ್ಯಕ್ಕೆ ಅದು ಮೆಕ್ಕೆಜೋಳದ ಕಾಲವಲ್ಲ. ಅಕ್ಟೋಬರ್-ನವೆಂಬರ್‌ನಲ್ಲಿ, ಯಾರ್ಡಿನ ತುಂಬ ರಾಶಿ ಬಿದ್ದಿರುವಾಗ ಹೀಗಾಗಿದ್ದರೆ ನನ್ನನ್ನು ಹಮಾಲರ ಜೊತೆ ಚೀಲ ಹೊರೋಕೆ ಹಚ್ಚುತ್ತಿದ್ದರು. ಆ ದಿನ ಗುಮಾಸ್ತರು ಸುಮ್ಮನೆ ಹಳೇ ಪುಸ್ತಕ ತೆಗೆದು ಕೈಯಲ್ಲೇ ಪಟ್ಟಿ (ರೈತರ ಮಾಲಿನ ಲೆಕ್ಕದ ಚೀಟಿ) ಬರೆಯತೊಡಗಿದರು. ಒಬ್ಬೊಬ್ಬ ರೈತರು ಪಟ್ಟಿ ಇಸಿದುಕೊಂಡು ಹೋಗುವಾಗಲೂ ನನ್ನ ಕಡೆ ಒಂದು ನೋಟ.

ಫೋನಿನಲ್ಲಿ ಮೂರು ಕಡೆ ಕೇಳಿದೆ. ಒಬ್ಬ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕು ಎಂದ. ಬೆಂಗಳೂರಿನವನೊಬ್ಬ ಡಿಸ್ಕ್ ಕಳಿಸು, ಡೇಟಾ ತೆಗೆಸೋಣ, 35-40 ಸಾವಿರ ಆಗುತ್ತೆ ಎಂದ. ಕೊರೊನಾ ಕಾಲದಲ್ಲಿ 260 ಕಿಲೋಮೀಟರ್ ದೂರಕ್ಕೆ ಡಿಸ್ಕ್ ಕಳಿಸುವುದು! ಮೂರನೆಯವನು ಹೊಸ ಸರ್ವರಿಗೆ ಒಂದೂವರೆ ಲಕ್ಷದ ಕೊಟೇಶನ್ನನ್ನೇ ವಾಟ್ಸಾಪ್‌ಗೆ ಹಾಕಿದ. ಡೇಟಾಬೇಸಿನ ನಕಲು ನನ್ನ ಹತ್ರ ಇತ್ತು. ಆದರೆ ತೂಕದ ಚೀಟಿಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದ ಸಾಂಬಾ (ನೆಟ್‌ವರ್ಕಿನಲ್ಲಿ ಹಂಚಿಕೊಂಡ) ಫೋಲ್ಡರ್ ಬ್ಯಾಕಪ್‌ನಲ್ಲಿ ಇರಲಿಲ್ಲ. ಅದು ನನ್ನದೇ ತಪ್ಪು. ಹಾಗಾಗಿ ಫಾರ್ಮ್ಯಾಟ್ ಅನ್ನೋ ಮಾತೇ ಇರಲಿಲ್ಲ.

ಯಂತ್ರದಲ್ಲಿ 1 ಟಿಬಿಯ ಎರಡು ಡಿಸ್ಕ್, ಎಂಡಿಎಡಿಎಂ ರೈಡ್ 1. ಅಂದರೆ ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರುವಂತೆ ಎಂಡಿಎಡಿಎಂ ಅನ್ನೋ ಪ್ರೋಗ್ರಾಂ ಜೋಡಿಸಿದ್ದು. ಹಳೇ ಬಗೆಯ ಬಯೋಸ್ ಬೂಟ್. ಹೊಸ ಬಗೆಯ ಯುಇಎಫ್‌ಐ ಅಲ್ಲ, ಅದರ ಕಥೆ ಬೇರೆ. ಲೈವ್ ಪೆನ್‌ಡ್ರೈವ್ (ಡಿಸ್ಕ್ ಮುಟ್ಟದೆ ತನ್ನಿಂದಲೇ ಲಿನಕ್ಸ್ ಎಬ್ಬಿಸುವಂಥದ್ದು) ಹಾಕಿದೆ. ಅದರಲ್ಲಿ ಎಂಡಿಎಡಿಎಂ ಇಲ್ಲ. ಮೊಬೈಲ್ ನೆಟ್ ಕೊಟ್ಟು ಇಳಿಸಿಕೊಂಡೆ. ಡಿಸ್ಕುಗಳ ಜೋಡಿ ಎಂಡಿ127 ಅನ್ನೋ ಹೆಸರಲ್ಲಿ ಎದ್ದಿತು, ಎರಡೂ ಡಿಸ್ಕ್ ಕ್ಷೇಮ. ಚ್ರೂಟ್ ಮಾಡಿದೆ, ಅಂದರೆ ಲೈವ್‌ನಿಂದಲೇ ಸರ್ವರಿನ ಸಿಸ್ಟಂ ಒಳಗೆ ಹೋದೆ. ಗಡಿಬಿಡಿಯಲ್ಲಿ ಡೆವ್ (ಡಿಸ್ಕುಗಳು ಕಾಣುವ ಫೋಲ್ಡರ್) ಬೈಂಡ್ ಮಾಡೋದು ಮರೆತಿದ್ದೆ, ಗ್ರಬ್ ಬೈದಿತು. ಹೊರಗೆ ಬಂದು ಬೈಂಡ್ ಮಾಡಿ ಮತ್ತೆ ಒಳಗೆ ಹೋಗಿ, ಗ್ರಬ್-ಇನ್‌ಸ್ಟಾಲ್ ಎಸ್‌ಡಿಎ (ಎಸ್‌ಡಿಎ ಹೆಸರಿನ ಡಿಸ್ಕಿಗೆ ಗ್ರಬ್ ಹಾಕು) ಎಂದು ಹೊಡೆದೆ. 'ಇನ್‌ಸ್ಟಾಲೇಶನ್ ಫಿನಿಶ್ಡ್. ನೋ ಎರರ್ ರಿಪೋರ್ಟೆಡ್.' ಹಿಗ್ಗಿನಿಂದ ಪೆನ್‌ಡ್ರೈವ್ ಕಿತ್ತು ರೀಬೂಟ್ ಮಾಡಿದೆ.

ಮತ್ತೆ ಕ್ಯಾಲಾಕ್.

ಪೆನ್‌ಡ್ರೈವ್ ವಾಪಸ್ ಚುಚ್ಚಿ ಲೈವ್‌ಗೆ ಹೋಗೋಣ ಎಂದುಕೊಂಡೆ. ಅಷ್ಟರಲ್ಲಿ ತಲೆಗೆ ಹೊಳೆಯಿತು. ಲೈವ್‌ನಲ್ಲಿ ಎಸ್‌ಡಿಎ ಆಗಿದ್ದದ್ದು ಆ ಪೆನ್‌ಡ್ರೈವೇ! ಗ್ರಬ್ ಹೋಗಿ ಅದರ ತಲೆ ಮೇಲೆ ಕೂತಿತ್ತು. ಯಾವುದು ಯಾವ ಡಿಸ್ಕ್ ಎಂದು ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಒಂದು ಸಲ ಹೊಡೆದಿದ್ದರೆ ಸಾಕಿತ್ತು. 450 ರೂಪಾಯಿಯ ಪೆನ್‌ಡ್ರೈವ್ ಹಾಳಾಯಿತು, ಇನ್ನು ಮನೆಗೆ ಹೋಗಿ ಇನ್ನೊಂದು ಮಾಡಿಕೊಂಡು ಬರಬೇಕು ಎಂದು ತಲೆ ಚಚ್ಚಿಕೊಂಡೆ.

ಹೊತ್ತು ಹನ್ನೆರಡಾಗಿತ್ತು. ಸಿಟ್ಟಿಗೆ ಕ್ಯಾಬಿನೆಟ್ ಬಿಚ್ಚಿದೆ. ಹಿಂದಿನ ವರ್ಷ ಒಂದು ಡಿಸ್ಕ್ ಸತ್ತಿತ್ತು, ಹೊಸದು ಹಾಕಿದ್ದೆ. ಈ ಹೊಸದೇ ಏನೋ ಕಿತಾಪತಿ ಮಾಡುತ್ತಿದೆ ಎನ್ನುವ ಗುಮಾನಿ. ಅದರ ಕೇಬಲ್ ಎಳೆದು ಪವರ್ ಕೊಟ್ಟೆ. ನಲವತ್ತು ಸೆಕೆಂಡಿಗೆ ಲಾಗಿನ್ ಪ್ರಾಂಪ್ಟ್.

ಒಂದು ನಿಮಿಷ ನನಗೇ ನಂಬಿಕೆ ಬರಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದಾಗ ಎಲ್ಲ ಬಿಡಿಸಿಕೊಂಡಿತು. ಹೊಸ ಡಿಸ್ಕ್ ಹಾಕಿದಾಗ ಅದಕ್ಕೆ ಗ್ರಬ್ ಅನ್ನು ಕೈಯಲ್ಲೇ ಹಾಕಿದ್ದೆ. ಡೆಬಿಯನ್ ಮಾತ್ರ ಗ್ರಬ್ ಹಾಕಬೇಕಾದ ಡಿಸ್ಕ್ ಎಂದು ಹಳೆಯದೊಂದನ್ನೇ ತನ್ನ ಸೆಟ್ಟಿಂಗಿನ ಪುಸ್ತಕದಲ್ಲಿ ಬರೆದುಕೊಂಡಿತ್ತು. ಕ್ಯಾಬಿನೆಟ್ ಮುಚ್ಚುವಾಗ ಸಾಟಾ (ಡಿಸ್ಕಿನ) ಕೇಬಲ್ ಅದಲು ಬದಲು ಮಾಡಿದ್ದೆ, ಹೊಸದು ಮೊದಲ ಬೂಟ್ ಡಿಸ್ಕ್ ಆಯಿತು. ಎರಡರಲ್ಲೂ ಒಂದೇ ವರ್ಶನ್ ಇರುವ ತನಕ ಯಾರಿಗೂ ಗೊತ್ತಾಗಲಿಲ್ಲ. ಅಪ್‌ಡೇಟ್ ಬಂದಾಗ ಹಳೇ ಡಿಸ್ಕಿನ ಎಂಬಿಆರ್ (ಗ್ರಬ್ ಶುರುವಾಗುವ, ಡಿಸ್ಕಿನ ತಲೆಯ ಜಾಗ) ಹೊಸದಾಯಿತು, ರೈಡ್ ಮೇಲಿನ ಮಾಡ್ಯೂಲ್‌ಗಳೂ ಹೊಸವಾದವು. ಬಯೋಸ್ ಎತ್ತಿಕೊಳ್ಳುತ್ತಿದ್ದ ಡಿಸ್ಕಿನ ತಲೆಯಲ್ಲಿ ಮಾತ್ರ ಹಳೇ ಗ್ರಬ್. ಹಳೇ ಗ್ರಬ್‌ಗೆ ಹೊಸ ಮಾಡ್ಯೂಲಿನ ಭಾಷೆ ಎಲ್ಲಿಂದ ತಿಳಿಯಬೇಕು?

ಅಂದರೆ ಬೆಳಗ್ಗೆ ಏಳಕ್ಕೇ ಎಫ್12 (ಕೆಲವು ಬೋರ್ಡಿನಲ್ಲಿ ಎಫ್11) ಒತ್ತಿ ಎರಡನೇ ಡಿಸ್ಕ್ ಆರಿಸಿದ್ದರೆ ಏಳೂ ಐದಕ್ಕೆ ಟೀ ಕುಡಿಯಬಹುದಿತ್ತು. ಐದು ತಾಸು ವ್ಯರ್ಥ. ಕೇಬಲ್ ಹಾಕಿ, ಡಿಸ್ಕ್ ಮತ್ತೆ ಸೇರಿಸಿ, ಗ್ರಬ್ ಯಾವ ಡಿಸ್ಕಿಗೆ ಎಂದು ಕೇಳುವ ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ ಕೊಟ್ಟು ಎರಡೂ ಡಿಸ್ಕಿಗೆ ನಕ್ಷತ್ರದ ಗುರುತು ಹಾಕಿದೆ. ಇಪ್ಪತ್ತು ನಿಮಿಷದ ಕೆಲಸ. ಕೈಯಲ್ಲಿ ಗ್ರಬ್-ಇನ್‌ಸ್ಟಾಲ್ ಹೊಡೆದು ಸುಮ್ಮನಾಗಬೇಡಿ, ಪುಸ್ತಕದಲ್ಲಿ ಬರೆಸಿ. ಆವತ್ತಿನ ಬಿಲ್ ಕೇಳುವ ಮುಖ ನನಗಿರಲಿಲ್ಲ.

ತಮಾಷೆ ಆಮೇಲಿದೆ. ಹಾಳಾಯಿತು ಎಂದುಕೊಂಡಿದ್ದ ಪೆನ್‌ಡ್ರೈವನ್ನು ಒಂದು ವಾರ ಬಿಟ್ಟು ಅದೇ ಸರ್ವರಿಗೆ ಚುಚ್ಚಿ ಬೂಟ್ ಮಾಡಿದರೆ, ಸೀದಾ ಸರ್ವರಿನ ಗ್ರಬ್ ಮೆನು ಬಂತು! ಆವತ್ತು ನಾನು ಅದನ್ನು ಕೀಳದೆ ಬಿಟ್ಟಿದ್ದರೆ ಅದರಿಂದಲೇ ಏಳುತ್ತಿತ್ತು. ಆಗಿನಿಂದ ರೈಡ್ ಇರುವ ಪ್ರತಿ ಗಿರಾಕಿಗೂ ಅಂಥದ್ದೊಂದು ಪೆನ್‌ಡ್ರೈವ್ ಮಾಡಿ ಕ್ಯಾಬಿನೆಟ್ಟಿನ ಒಳಗೇ ಟೇಪ್ ಹಚ್ಚಿ ಇಟ್ಟಿದ್ದೇನೆ. ಗ್ರಬ್ ಅಪ್‌ಡೇಟ್ ಆದಾಗಲೆಲ್ಲ ಅದಕ್ಕೂ ಹೊಸದು ಹಾಕಬೇಕು, ಇಲ್ಲದಿದ್ದರೆ ಅದೂ ಕ್ಯಾಲಾಕ್ ಹಾಡೇ ಹಾಡುತ್ತೆ.

ಇದಾದ ಮೇಲೆ ಸುಮಾರು 4,500 ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಂದು ಮನೆಯಲ್ಲಿ ಬೇಕಂತಲೇ ಹಾಳು ಮಾಡಿ ನೋಡುವ ಕೆಲಸ ಶುರು ಮಾಡಿದೆ. ಮೊದಲನೆಯದು, ಒಂದೊಂದೇ ಡಿಸ್ಕ್ ಕಿತ್ತು ಬೂಟ್ ನೋಡುವುದು. ಮೊದಲನೇ ಡಿಸ್ಕ್ ಕಿತ್ತೆ, ಎದ್ದಿತು. ಅದನ್ನು ಹಾಕಿ ಎರಡನೆಯದು ಕಿತ್ತೆ, ಎದ್ದಿತು. ಭೇಷ್ ಎಂದುಕೊಂಡು ಎರಡೂ ಹಾಕಿದರೆ, ಎರಡು ಡಿಸ್ಕೂ ತಾನೇ ಸರಿ ಎಂದು ಬೇರೆ ಬೇರೆ ಮನೆ ಮಾಡಿಕೊಂಡು ಕೂತವು. ನಡುವೆ ಕಿತ್ತದ್ದನ್ನು ರೀ-ಆಡ್ ಮಾಡಿ (ಮತ್ತೆ ಸೇರಿಸಿ) ಸಿಂಕ್ ಮುಗಿಸದೆ ಇನ್ನೊಂದನ್ನು ಕೀಳಬಾರದು. ಬಿಟ್‌ಮ್ಯಾಪ್ (ಎಲ್ಲೆಲ್ಲಿ ಬದಲಾಗಿದೆ ಎನ್ನುವ ಗುರುತು) ಇದ್ದರೆ ಸಿಂಕ್ ಎರಡು ಮೂರು ನಿಮಿಷ, ಇಲ್ಲದಿದ್ದರೆ 1 ಟಿಬಿಗೆ ಎರಡೂವರೆ ತಾಸು. ಗಿರಾಕಿಯ ಡೇಟಾ ಮೇಲೆ ಇದನ್ನು ಕಲಿಯಲಿಲ್ಲವಲ್ಲ, ಅಷ್ಟೇ ಸಮಾಧಾನ.

ಎರಡನೆಯದು, ಹೊಸ ಕರ್ನಲ್ (ಸಿಸ್ಟಂನ ತಿರುಳು) ಒಂದೇ ಸಲ ಏಳಲಿ, ಪ್ಯಾನಿಕ್ ಆದರೆ (ಕುಸಿದು ಬಿದ್ದರೆ) ಹತ್ತು ಸೆಕೆಂಡಿಗೆ ತಾನೇ ಹಳೆಯದಕ್ಕೆ ಮರಳಲಿ ಎನ್ನುವ ಆಸೆ. ಗ್ರಬ್-ರೀಬೂಟ್, ಜೊತೆಗೆ ಪ್ಯಾನಿಕ್=10. ಸಾಧಾರಣ ಡಿಸ್ಕಿನಲ್ಲಿ ಚಿನ್ನದಂಥ ಉಪಾಯ. ರೈಡ್ ಮೇಲೆ ಮಾತ್ರ ಗ್ರಬ್‌ಗೆ ಬರೆಯೋಕೆ ಬರುವುದಿಲ್ಲ, ಓದೋಕಷ್ಟೇ. 'ಒಂದೇ ಸಲ' ಅನ್ನೋ ಗುರುತನ್ನು ಅದು ಅಳಿಸಲಾರದು. ಬೇಕಂತಲೇ ಕೆಡಿಸಿದ ಕರ್ನಲ್ ಹಾಕಿ ಮಲಗಿದ್ದೆ. ಅದು ರಾತ್ರಿಯಿಡೀ ಬಿದ್ದು, ಎದ್ದು, ಬೀಪ್ ಹೊಡೆದು, ಮತ್ತೆ ಬಿದ್ದು... ನಸುಕಿಗೆ ಹೆಂಡತಿಯೇ ಹೋಗಿ ಪ್ಲಗ್ ಕಿತ್ತಳು. ಇದನ್ನು ದಾಟುವ ದಾರಿ ಒಂದು ಸಿಕ್ಕಿದೆ. ಅದು ಮಾತ್ರ ನನ್ನ ಹತ್ರವೇ ಇರಲಿ, ಹೊಟ್ಟೆಪಾಡು ಅಲ್ವಾ.

ಎಲ್ಲ ಸಲವೂ ಗ್ರಬ್ಬೇ ಕಳ್ಳ ಅಲ್ಲ. ಚಿತ್ರದುರ್ಗದ ಒಂದು ಲ್ಯಾಬ್‌ನಿಂದ "ನಿಮ್ಮ ಅಪ್‌ಡೇಟ್ ನಮ್ಮನ್ನ ಮುಳುಗಿಸ್ತು ಸಾರ್" ಎಂದು ಫೋನ್ ಬಂತು. 60 ಕಿಲೋಮೀಟರ್ ಬೈಕಿನಲ್ಲಿ ಹೋದೆ. ತೊಂಬತ್ತು ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತಿತ್ತು. ರೂಟ್ (ಯಜಮಾನ ಖಾತೆ) ಲಾಕ್ ಆಗಿದ್ದರಿಂದ ಒಳಗೂ ಬಿಡುತ್ತಿರಲಿಲ್ಲ. ಬ್ಯಾಕಪ್‌ನ ಯುಎಸ್‌ಬಿ ಡಿಸ್ಕನ್ನು ಯಾರೋ ಮನೆಗೆ ಒಯ್ದಿದ್ದರು, ಎಫ್‌ಸ್ಟ್ಯಾಬ್ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿ) ಅದಕ್ಕೇ ಕಾಯುತ್ತಿತ್ತು. ಅಪ್‌ಡೇಟ್ ನೆಪಕ್ಕೆ ರೀಬೂಟ್ ಆದದ್ದಷ್ಟೇ. ಗ್ರಬ್‌ನಲ್ಲಿ ಇ ಒತ್ತಿ, ಇನಿಟ್ ಜಾಗಕ್ಕೆ ಬ್ಯಾಶ್ ಕೊಟ್ಟು ಒಳಗೆ ನುಗ್ಗಿ, ನೋಫೇಲ್ (ಸಿಗದಿದ್ದರೆ ಬಿಟ್ಟು ಮುಂದೆ ಹೋಗು) ಅನ್ನೋ ಒಂದು ಪದ ಸೇರಿಸಿದೆ. ಒಂದು ಪದಕ್ಕೆ 2,000 ರೂಪಾಯಿ. ಯಾವ ಕವಿಗೂ ಅಷ್ಟು ಸಿಗಲಿಕ್ಕಿಲ್ಲ.

ಈ ಸಲದ 13ಕ್ಕೆ ಬರುತ್ತೇನೆ. ತಲೆನೋವಾದದ್ದು ಬೂಟ್ ಪಾರ್ಟಿಶನ್. 2018ರಲ್ಲಿ 250 ಎಂಬಿ ಬೇಕಾದಷ್ಟಾಯಿತು ಎಂದುಕೊಂಡಿದ್ದೆ. ಈಗ ಎರಡು ಕರ್ನಲ್ ಕೂತರೆ ಉಸಿರು ಕಟ್ಟುತ್ತದೆ. ಅರ್ಧಕ್ಕೆ ಜಾಗ ಮುಗಿದರೆ ಇನಿಟ್‌ರಾಮ್‌ಎಫ್‌ಎಸ್ (ಕರ್ನಲ್ ಏಳುವಾಗ ಬೇಕಾದ ಡ್ರೈವರುಗಳ ಗಂಟು) ಪೂರ್ತಿ ಆಗದೆ, ಮುಂದಿನ ಬೂಟ್‌ಗೆ ಪ್ಯಾನಿಕ್ ಆಗಬಹುದು. ಹಳೇ ಕರ್ನಲ್ ತೆಗೆದೆ. ಆ ಗಂಟಿನ ಮಾಡ್ಯೂಲ್ಸ್ ಸೆಟ್ಟಿಂಗನ್ನು ಮೋಸ್ಟ್‌ನಿಂದ (ಹೆಚ್ಚುಕಡಿಮೆ ಎಲ್ಲ ಡ್ರೈವರ್) ಡೆಪ್‌ಗೆ (ಈ ಯಂತ್ರಕ್ಕೆ ಬೇಕಾದಷ್ಟೇ) ಬದಲಿಸಿದೆ, ಗಾತ್ರ ಅರ್ಧಕ್ಕಿಂತ ಕೆಳಗೆ ಇಳಿಯಿತು. ಇದರಲ್ಲಿ ಒಂದು ಅಪಾಯ ಇದೆ. ಬೋರ್ಡ್ ಸತ್ತು ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ ಡೆಪ್ ಏಳದೇ ಇರಬಹುದು. ಹಾಗಾಗಿ ಒಂದು ಕರ್ನಲ್ಲಿಗೆ ಮಾತ್ರ ಮೋಸ್ಟ್ ಉಳಿಸಿದ್ದೇನೆ. ಸಿಸ್ಟಂ ಏರಿಸಿದ್ದು ಒಂದು ತಾಸು, ರೀಬೂಟ್‌ಗೆ ಮೊದಲು ಎರಡೂ ಎಂಬಿಆರ್ ಹೋಲಿಸಿ ನೋಡಿದ್ದು ಐದು ನಿಮಿಷ. ಆ ಹೋಲಿಸುವ ಸ್ಕ್ರಿಪ್ಟ್ ಕೇಳಬೇಡಿ, ಕೊಡಲ್ಲ.

ಈ ಸಲ ಯಾರ್ಡಿಗೇ ಹೋಗಿ ಮಾಡಿದೆ. ಎದ್ದಿತು. ಒಂದು ಡಿಸ್ಕ್ ಕಿತ್ತೆ, ಎದ್ದಿತು. ಸೇರಿಸಿ, ಸಿಂಕ್ ಮುಗಿಸಿ, ಇನ್ನೊಂದು ಕಿತ್ತೆ, ಎದ್ದಿತು. ಟೇಪ್ ಹಚ್ಚಿದ ಪೆನ್‌ಡ್ರೈವಿನಿಂದಲೂ ಎದ್ದಿತು. ಸಾಹುಕಾರ್ರು ಮಂಡಕ್ಕಿ ತಿನ್ನುತ್ತಾ ಇದನ್ನೆಲ್ಲ ನೋಡುತ್ತಿದ್ದರು.

"ಎಷ್ಟಾತು ತಮ್ಮಾ?"

"ಆರು ಸಾವಿರ ಸಾಹುಕಾರ್ರೆ."

ಐದೂವರೆ ಎಣಿಸಿ ಕೊಟ್ಟರು. ಉಳಿದ ಐನೂರು? "ಅವತ್ತು ನಮ್ಮ ಹುಡುಗರು ಮಧ್ಯಾಹ್ನದ ತನಕ ಕೈಯಾಗೆ ಪಟ್ಟಿ ಬರೆದ್ರಲ್ಲ, ಆ ಲೆಕ್ಕ ಬಾಕಿ ಇತ್ತು."