ಮಕ್ಕಳ ಐಸಿಯುನಿಂದ ಸಂಶೋಧನೆಗೆ: ಅಮೆರಿಕದಲ್ಲಿ ಫೆಲೋ ಆಗಿರುವವರಿಗೆ ಒಂದು ಕೈಪಿಡಿ

ಅಮೆರಿಕದಲ್ಲಿ ಪೀಡಿಯಾಟ್ರಿಕ್ ಕ್ರಿಟಿಕಲ್ ಕೇರ್ ಫೆಲೋಶಿಪ್ (ಮಕ್ಕಳ ತೀವ್ರ ನಿಗಾ ಚಿಕಿತ್ಸೆಯ ಉನ್ನತ ತರಬೇತಿ) ಮೂರು ವರ್ಷದ್ದು. ಅದು ಮುಗಿದ ಮೇಲೆ ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್‌ನ ಕೆ ಗ್ರಾಂಟ್ (ಸಂಶೋಧನೆಯಲ್ಲಿ ಪಳಗಲು ಕೊಡುವ ಹಣ), ಅಲ್ಲಿಂದ ಮುಂದೆ ಸ್ವಂತ ಯೋಜನೆಗೆ ಆರ್01 ಗ್ರಾಂಟ್: ವೈದ್ಯ ಸಂಶೋಧಕರಾಗುವ ಮಾಮೂಲಿ ದಾರಿ ಇದು. ನಡುವೆ ಬಿಟ್ಟುಹೋಗುವವರು ಹೆಚ್ಚಾಗಿ ಎರಡು ಲೆಕ್ಕಗಳಲ್ಲಿ ಎಡವುತ್ತಾರೆ. ಒಂದು ರೋಗಿಗಳ ಸಂಖ್ಯೆಯದು, ಇನ್ನೊಂದು ಸಮಯದ್ದು. ಎರಡನ್ನೂ ಮೊದಲ ವರ್ಷದಲ್ಲೇ ಕಾಗದದ ಮೇಲೆ ಮಾಡಿ ನೋಡಬಹುದು.

ಪ್ರಶ್ನೆ ಎಷ್ಟು ದೊಡ್ಡದಿರಬೇಕು

"ಈ ಚಿಕಿತ್ಸೆಯಿಂದ ಸಾವು ಕಡಿಮೆಯಾಗುತ್ತದೆಯೇ?" ಎಂಬುದು ಹೊಸ ಫೆಲೋಗಳೆಲ್ಲರ ಮೊದಲ ಪ್ರಶ್ನೆ. ಅಮೆರಿಕದ ಪಿಐಸಿಯುಗಳಲ್ಲಿ (ಮಕ್ಕಳ ಐಸಿಯು) ಮರಣ ಪ್ರಮಾಣ ಶೇ 2ರಿಂದ 3ರ ಆಸುಪಾಸಿನಲ್ಲಿದೆ. ಅದು ಶೇ 3ರಿಂದ 2ಕ್ಕೆ ಇಳಿಯಿತು ಎಂದು ಸಾಬೀತು ಮಾಡಲು, ಶೇ 80 ಪವರ್ (ನಿಜವಾದ ವ್ಯತ್ಯಾಸವಿದ್ದರೆ ಅದು ಅಧ್ಯಯನದಲ್ಲಿ ಕಾಣುವ ಸಾಧ್ಯತೆ) ಇಟ್ಟುಕೊಂಡರೆ, ಪ್ರತಿ ಗುಂಪಿಗೂ ಸುಮಾರು 3,800 ಮಕ್ಕಳು ಬೇಕು. ಈಗ ನಿಮ್ಮ ಘಟಕದ ಲೆಕ್ಕ ಹಾಕಿ. ವರ್ಷಕ್ಕೆ 1,200 ದಾಖಲಾತಿ ಇದೆ, ಅರ್ಹರು ಹತ್ತಕ್ಕೊಬ್ಬರು, ಅವರಲ್ಲಿ ಒಪ್ಪಿಗೆ ಕೊಡುವವರು ಅರ್ಧದಷ್ಟು ಎಂದುಕೊಂಡರೆ ವರ್ಷಕ್ಕೆ ಸಿಗುವುದು 60 ಮಕ್ಕಳು. ಅಧ್ಯಯನ ಮುಗಿಯಲು ನೂರು ವರ್ಷವೂ ಸಾಲದು.

ಮರಣವನ್ನೇ ಅಳೆದ ದೊಡ್ಡ ಅಧ್ಯಯನಗಳಿಲ್ಲವೆಂದಲ್ಲ. ಕೀನ್ಯಾ, ಉಗಾಂಡಾ, ತಾಂಜಾನಿಯಾಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಫೀಸ್ಟ್ ಪ್ರಯೋಗ 3,141 ಮಕ್ಕಳನ್ನು ಒಳಗೊಂಡಿತ್ತು. ದ್ರವದ ಬೋಲಸ್ (ರಕ್ತನಾಳಕ್ಕೆ ಒಮ್ಮೆಲೇ ಬೇಗನೆ ಕೊಡುವ ದ್ರವ) ಪಡೆದ ಗುಂಪುಗಳಲ್ಲಿ 48 ಗಂಟೆಯೊಳಗಿನ ಸಾವು ಶೇ 10.5ರಷ್ಟಿದ್ದರೆ, ಬೋಲಸ್ ಪಡೆಯದವರಲ್ಲಿ ಶೇ 7.3. ಅಲ್ಲಿ ಮೂಲ ಮರಣ ಪ್ರಮಾಣವೇ ಹೆಚ್ಚಿತ್ತು, ಹಲವು ಆಸ್ಪತ್ರೆಗಳೂ ಕೈಜೋಡಿಸಿದ್ದವು. ಒಬ್ಬ ಫೆಲೋ, ಒಂದೇ ಘಟಕ ಎಂದಾಗ ಅಳತೆಗೋಲು ಬದಲಾಗಲೇಬೇಕು: 28 ದಿನಗಳಲ್ಲಿ ವೆಂಟಿಲೇಟರ್ ಇಲ್ಲದೆ ಕಳೆದ ದಿನಗಳು, ಅಂಗಾಂಗಗಳ ವೈಫಲ್ಯ ಅಳೆಯುವ ಪೆಲೋಡ್-2 ಅಂಕ, ಅಥವಾ ಫಂಕ್ಷನಲ್ ಸ್ಟೇಟಸ್ ಸ್ಕೇಲ್. ಈ ಕೊನೆಯದರಲ್ಲಿ ಆರು ವಿಭಾಗಗಳಿವೆ. ಪ್ರತಿಯೊಂದಕ್ಕೂ 1ರಿಂದ 5, ಒಟ್ಟು 6ರಿಂದ 30 ಅಂಕ. ಬದುಕಿ ಮನೆಗೆ ಹೋದ ಮಗು ಯಾವ ಸ್ಥಿತಿಯಲ್ಲಿ ಹೋಯಿತು ಎಂಬುದನ್ನು ಇದು ಹಿಡಿದಿಡುತ್ತದೆ. ಇಂದಿನ ಪಿಐಸಿಯುನಲ್ಲಿ ಸಾವಿಗಿಂತ ಹೆಚ್ಚು ಕೇಳಬೇಕಾದ ಪ್ರಶ್ನೆಯೂ ಅದೇ.

ರಕ್ತದ ಮಾದರಿ ಬೇಕಾದ ಯೋಜನೆಗಳು ಇನ್ನೊಂದು ಕಡೆ ಸಿಕ್ಕಿಬೀಳುತ್ತವೆ. ಅಮೆರಿಕದ ನಿಯಮದಲ್ಲಿ ತ್ವರಿತ ನೈತಿಕ ಪರಿಶೀಲನೆಗೆ ಅರ್ಹವಾಗಲು ಮಕ್ಕಳಿಂದ ಎಂಟು ವಾರದಲ್ಲಿ 50 ಮಿ.ಲೀ. ಅಥವಾ ಕಿಲೋಗೆ 3 ಮಿ.ಲೀ., ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನೇ ತೆಗೆಯಬಹುದು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. 4 ಕಿಲೋ ಕೂಸಿಗೆ ಇದು 12 ಮಿ.ಲೀ. ಒಂದು ಸಲಕ್ಕೆ 2 ಮಿ.ಲೀ.ಯಂತೆ ಆರು ಸಲಕ್ಕೆ ಲೆಕ್ಕ ಮುಗಿಯಿತು. ಮೊದಲ ಮೂರು ದಿನ ಆರು ಗಂಟೆಗೊಮ್ಮೆ ಸೈಟೋಕೈನ್ (ಉರಿಯೂತದ ಸುಳಿವು ಕೊಡುವ ಪ್ರೋಟೀನ್) ಅಳೆಯುವ ಆಸೆ ಇಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಪ್ರಯೋಗಾಲಯದವರನ್ನು ಮೊದಲೇ ಕೇಳಿ, 0.5 ಮಿ.ಲೀ.ನಲ್ಲಿ ನಡೆಯುವ ಪರೀಕ್ಷೆ ಆರಿಸಿಕೊಳ್ಳಿ. ಕ್ಲಿನಿಕಲ್ ಪರೀಕ್ಷೆಗಳಿಂದ ಉಳಿದ ರಕ್ತ ಸಿಗುತ್ತದೆಯೇ ಎಂದೂ ವಿಚಾರಿಸಿ.

ಮಾರ್ಗದರ್ಶಕರು

ಅಮೆರಿಕನ್ ಬೋರ್ಡ್ ಆಫ್ ಪೀಡಿಯಾಟ್ರಿಕ್ಸ್ ಪ್ರಕಾರ ಪ್ರತಿ ಫೆಲೋಗೂ ಕನಿಷ್ಠ ಮೂವರ ಮೇಲ್ವಿಚಾರಣಾ ಸಮಿತಿ ಇರಬೇಕು, ಅವರಲ್ಲಿ ಒಬ್ಬರಾದರೂ ನಿಮ್ಮ ಉಪವಿಭಾಗದ ಹೊರಗಿನವರಾಗಿರಬೇಕು. ಆ ಹೊರಗಿನವರ ಸ್ಥಾನಕ್ಕೆ ಬಯೋಸ್ಟ್ಯಾಟಿಸ್ಟಿಕ್ಸ್ ಬಲ್ಲವರನ್ನು ಕೂರಿಸಿಕೊಳ್ಳಿ. ಮುಖ್ಯ ಮೆಂಟರ್ ಬಳಿ ಸದ್ಯಕ್ಕೆ ಚಾಲ್ತಿಯಲ್ಲಿರುವ ಗ್ರಾಂಟ್ ಇದೆಯೇ, ಅವರ ಹಿಂದಿನ ಶಿಷ್ಯರಲ್ಲಿ ಎಷ್ಟು ಜನ ಕೆ ಪಡೆದರು ಎಂದು ಎನ್‌ಐಎಚ್ ರಿಪೋರ್ಟರ್ ತಾಣದಲ್ಲಿ ನೀವೇ ಹುಡುಕಬಹುದು. ಸಂಕೋಚ ಬೇಡ, ಅದೆಲ್ಲ ಸಾರ್ವಜನಿಕ ಮಾಹಿತಿ. ತುಂಬ ಒಳ್ಳೆಯವರು ಆದರೆ ಹಣವಿಲ್ಲ ಎನ್ನುವವರನ್ನು ಎರಡನೇ ಮೆಂಟರ್ ಆಗಿ ಇಟ್ಟುಕೊಳ್ಳಿ.

75ರ ಲೆಕ್ಕ

ವೈದ್ಯ ಸಂಶೋಧಕರಿಗಿರುವ ಎರಡು ಬಗೆಯ ಕೆ ಗ್ರಾಂಟ್‌ಗಳಾದ ಕೆ08 ಮತ್ತು ಕೆ23 ಪಡೆದವರು ಶೇ 75 ಸಮಯವನ್ನು, ಅಂದರೆ ವರ್ಷಕ್ಕೆ 9 ತಿಂಗಳ ದುಡಿಮೆಯನ್ನು, ಸಂಶೋಧನೆಗೆ ಕೊಡಬೇಕು. ವಿಭಾಗದ ಮುಖ್ಯಸ್ಥರು "ಹಾಗಾದರೆ 13 ವಾರ ಸರ್ವಿಸ್ ಮಾಡಿ" ಎನ್ನುತ್ತಾರೆ, ಅಂದರೆ ಐಸಿಯುನಲ್ಲಿ ರೋಗಿಗಳನ್ನು ನೋಡುವ ಕೆಲಸ. ಕೇಳಲು ಸರಿಯಾಗೇ ಇದೆ, 52ರಲ್ಲಿ ಕಾಲು ಭಾಗ 13. ಇದನ್ನೇ ಗಂಟೆಗಳಲ್ಲಿ ಬಿಡಿಸಿ ನೋಡಿ. ಪೂರ್ಣಾವಧಿ ದುಡಿಮೆ ವಾರಕ್ಕೆ 50 ಗಂಟೆ ಎಂದಾದರೆ ವರ್ಷಕ್ಕೆ 2,600, ಅದರ ಕಾಲು ಭಾಗ 650. ಪಿಐಸಿಯು ಸರ್ವಿಸ್ ವಾರವೆಂದರೆ ಏಳು ದಿನ, ದಿನಕ್ಕೆ 12 ಗಂಟೆ, ಒಟ್ಟು 84. ಎಂಟನೇ ವಾರ ಮುಗಿಯುವ ಮೊದಲೇ 650 ಖಾಲಿ. ರಾತ್ರಿ ಪಾಳಿ, ಪಾಳಿಯ ಮರುದಿನದ ನಿದ್ದೆ, ಕ್ವಾಲಿಟಿ ಕಮಿಟಿ, ಫೆಲೋಗಳ ಪಾಠ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಆದ್ದರಿಂದ ನೇಮಕಾತಿ ಪತ್ರದಲ್ಲಿ ಶೇಕಡಾವಾರು ಮಾತ್ರ ಬರೆಸಿಕೊಂಡರೆ ಸಾಲದು. ಹಗಲಿನ ವಾರಗಳೆಷ್ಟು, ರಾತ್ರಿಗಳೆಷ್ಟು, ವಾರಾಂತ್ಯಗಳೆಷ್ಟು, ಸಹೋದ್ಯೋಗಿ ರಜೆ ಹಾಕಿದರೆ ಅವರ ಪಾಳಿ ಯಾರ ತಲೆಗೆ ಎಂಬುದೆಲ್ಲ ಸಂಖ್ಯೆಯಲ್ಲಿರಬೇಕು. ಕೆ ಗ್ರಾಂಟ್ ಸಾಮಾನ್ಯವಾಗಿ ನಿಮ್ಮ ಸಂಬಳದ ಒಂದು ಭಾಗವನ್ನಷ್ಟೇ ತುಂಬುತ್ತದೆ, ಉಳಿದದ್ದು ವಿಭಾಗದ ಜೇಬಿನಿಂದ. ಆ ಕೊರತೆಯನ್ನು ಯಾರು ತುಂಬುತ್ತಾರೆ ಎಂಬ ಸಾಲೂ ಪತ್ರದಲ್ಲಿರಲಿ.

ವೀಸಾ

ಬೆಂಗಳೂರು, ಮಣಿಪಾಲ, ಹುಬ್ಬಳ್ಳಿಗಳಿಂದ ಎಂಬಿಬಿಎಸ್ ಮುಗಿಸಿ ಹೋದವರು ಹೆಚ್ಚು ಎಡವುವುದು ಇಲ್ಲಿ. ಕೆ08, ಕೆ23ಗಳಿಗೆ ಗ್ರಾಂಟ್ ಮಂಜೂರಾಗುವ ಹೊತ್ತಿಗೆ ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರಬೇಕು. ಜೆ-1 (ತರಬೇತಿಗೆ ಬರುವವರ) ವೀಸಾದಲ್ಲಿದ್ದವರಿಗೆ ಎರಡು ವರ್ಷ ಸ್ವದೇಶಕ್ಕೆ ಮರಳುವ ಷರತ್ತೂ ಇದೆ. ಅದನ್ನು ತಪ್ಪಿಸಿಕೊಳ್ಳಲು ಕಾನ್ರಾಡ್ 30 ವಿನಾಯಿತಿ ಹಿಡಿದರೆ ವೈದ್ಯರ ಕೊರತೆಯಿರುವ ಪ್ರದೇಶದ ಜನರಿಗಾಗಿ ಮೂರು ವರ್ಷ ಪೂರ್ಣಾವಧಿ ವೈದ್ಯಕೀಯ ಸೇವೆ, ವಾರಕ್ಕೆ 40 ಗಂಟೆ. ಅದರ ಜೊತೆ ಶೇ 75 ಸಂಶೋಧನೆ ಹೊಂದುವುದೇ ಇಲ್ಲ. ಹಾಗಾಗಿ ಫೆಲೋಶಿಪ್ ಆರಿಸುವಾಗಲೇ ಎಚ್-1ಬಿ (ಉದ್ಯೋಗದ ವೀಸಾ) ಕೊಡುವ ಕಡೆ ನೋಡುವುದು ಲೇಸು. ಕೆ99/ಆರ್00 ಎಂಬ ಇನ್ನೊಂದು ಬಗೆಯ ಗ್ರಾಂಟ್‌ಗೆ ಪೌರತ್ವದ ಷರತ್ತು ಇರಲಿಲ್ಲ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ತನ್ನ ಗ್ರಾಂಟ್‌ಗಳಿಗೆ ಕೆಲವು ವೀಸಾದವರನ್ನೂ ಪರಿಗಣಿಸುತ್ತ ಬಂದಿದೆ. ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನು ಓದಿಯೇ ಮುಂದುವರಿಯಿರಿ. ಹಳೆಯ ಫೆಲೋಗಳ ಬಾಯಿಮಾತು ಎರಡು ವರ್ಷ ಹಿಂದಿನದಾಗಿರುತ್ತದೆ.

ಅರ್ಜಿ

ಹೊಸ ಕೆ ಅರ್ಜಿಗಳ ಗಡುವು ಫೆಬ್ರುವರಿ, ಜೂನ್, ಅಕ್ಟೋಬರ್ ತಿಂಗಳುಗಳ 12ನೇ ತಾರೀಖು. ಅಕ್ಟೋಬರ್‌ನಲ್ಲಿ ಹಾಕಿದರೆ ಪರಿಶೀಲನೆ ಫೆಬ್ರುವರಿ-ಮಾರ್ಚ್‌ನಲ್ಲಿ, ಕೌನ್ಸಿಲ್ (ಸಲಹಾ ಮಂಡಳಿ) ಸಭೆ ಮೇನಲ್ಲಿ, ಹಣ ಬೇಗನೆ ಎಂದರೆ ಜುಲೈನಲ್ಲಿ. ಶೈಕ್ಷಣಿಕ ವರ್ಷ ಶುರುವಾಗುವುದೂ ಜುಲೈನಲ್ಲೇ ಆದ್ದರಿಂದ ಅಕ್ಟೋಬರ್ ಗಡುವು ಅನುಕೂಲ. ಮಕ್ಕಳ ಕ್ರಿಟಿಕಲ್ ಕೇರ್‌ಗೆಂದೇ ಎನ್‌ಐಸಿಎಚ್‌ಡಿ (ಎನ್‌ಐಎಚ್‌ನ ಮಕ್ಕಳ ಆರೋಗ್ಯ ಸಂಸ್ಥೆ) ಹಣದಲ್ಲಿ, ಯೂಟಾ ವಿಶ್ವವಿದ್ಯಾಲಯ ನಡೆಸಿಕೊಂಡು ಬಂದ ರಾಷ್ಟ್ರೀಯ ಕೆ12 (ಸಂಸ್ಥೆಯ ಮೂಲಕ ಸಿಗುವ ಕೆ ನೆರವು) ತರಬೇತಿ ಒಂದಿದೆ. ಅಂಥ ಕೆ12 ಸಿಕ್ಕರೆ ಖುಷಿಯೇ. ಆದರೆ ಎಲ್ಲ ಕೆ ನೆರವೂ ಸೇರಿ ಆರು ವರ್ಷ ಮೀರುವಂತಿಲ್ಲ. ಎರಡು ವರ್ಷ ಅಲ್ಲಿ ಕಳೆದರೆ ಕೆ23ಗೆ ಉಳಿಯುವುದು ನಾಲ್ಕೇ.

ಅರ್ಜಿಯಲ್ಲಿ ಸಂಶೋಧನೆಯ ಗುರಿಗಳನ್ನು ಹೇಳುವ ಭಾಗ ಒಂದೇ ಪುಟದ್ದು. ಅದನ್ನು ಗಡುವಿಗೆ ಆರು ತಿಂಗಳ ಮೊದಲು ಬರೆದು ಹತ್ತು ಜನರಿಗೆ ಓದಿಸಿ, ಉಳಿದದ್ದೆಲ್ಲ ಆಮೇಲೆ. ಎರಡನೇ ಗುರಿ ಮೊದಲನೆಯದರ ಯಶಸ್ಸಿನ ಮೇಲೆ ನಿಂತಿದ್ದರೆ ಪರಿಶೀಲಕರು ಅಲ್ಲೇ ಪೆನ್ನು ಇಡುತ್ತಾರೆ. ಮೊದಲ ಗುರಿಯಲ್ಲಿ ಹುಡುಕಿದ ಬಯೋಮಾರ್ಕರ್ (ರೋಗದ ಸುಳಿವು ಕೊಡುವ ಅಂಶ) ಸಿಗದೇ ಹೋದರೂ ನಡೆಯುವ ಎರಡನೇ ಗುರಿ ಬೇಕು. ಅಭ್ಯರ್ಥಿಯ ವಿವರ ಮತ್ತು ಸಂಶೋಧನಾ ಯೋಜನೆಗೆ ಒಟ್ಟು 12 ಪುಟ. ತರಬೇತಿ ಯೋಜನೆಯಲ್ಲಿ ಹಾಕಿಕೊಂಡ ಪ್ರತಿ ಕೋರ್ಸ್‌ಗೂ ಯಾವುದಾದರೂ ಗುರಿಯಲ್ಲಿ ಕೆಲಸವಿರಬೇಕು. ಲಾಂಜಿಟ್ಯೂಡಿನಲ್ ಮಾಡೆಲಿಂಗ್ (ಕಾಲಕಾಲಕ್ಕೆ ಮತ್ತೆ ಮತ್ತೆ ಅಳೆದದ್ದರ ವಿಶ್ಲೇಷಣೆ) ಕಲಿಯುತ್ತೇನೆ ಎಂದವರ ಯೋಜನೆಯಲ್ಲಿ ಒಂದೇ ಬಾರಿಯ ಅಳತೆ ಇದ್ದರೆ ತಕ್ಷಣ ಎದ್ದು ಕಾಣುತ್ತದೆ. ಕ್ಲಿನಿಕಲ್ ಟ್ರಯಲ್ ಇರುವ ಅರ್ಜಿಯನ್ನು ಟ್ರಯಲ್ ಇಲ್ಲದ ಪ್ರಕಟಣೆಗೆ ಹಾಕಿದರೆ ಓದದೆಯೇ ವಾಪಸು ಬರುತ್ತದೆ.

ಮೊದಲ ಸಲ ಸಿಗದಿದ್ದರೆ ಮರುಅರ್ಜಿಗೆ 37 ತಿಂಗಳ ಅವಕಾಶವಿದೆ. ಪರಿಶೀಲಕರ ಟಿಪ್ಪಣಿ ಕೈಗೆ ಬಂದ ದಿನವೇ ಉತ್ತರ ಬರೆಯಬೇಡಿ. ಒಂದು ವಾರ ಬಿಟ್ಟು ಓದಿ, ಎನ್‌ಐಎಚ್‌ನ ಪ್ರೋಗ್ರಾಂ ಆಫೀಸರ್‌ಗೆ ಫೋನ್ ಮಾಡಿ, ಯಾವ ಆಕ್ಷೇಪಗಳು ಅಂಕ ಕೆಡಿಸಿದವು, ಯಾವುವು ಮಾತಿಗೆ ಬಂದು ಹೋದವು ಎಂದು ಕೇಳಿ. ಮರುಅರ್ಜಿಯ ಮುನ್ನುಡಿಗೆ ಸಿಗುವುದು ಒಂದೇ ಪುಟ. ಅದರ ಹೆಚ್ಚಿನ ಭಾಗವನ್ನು ಮೊದಲ ಬಗೆಯ ಆಕ್ಷೇಪಗಳಿಗೇ ಕೊಡಿ.