ಎಲೆಕ್ಟ್ರಿಕ್ ಗಿಟಾರ್ ಕಲಿಯೋಕೆ ಮೇಷ್ಟ್ರನ್ನು ಆರಿಸಿಕೊಂಡಿದ್ದು: ನನ್ನ ಅನುಭವ

ಅಕೌಸ್ಟಿಕ್ (ಕರೆಂಟ್ ಬೇಡದ ಸಾದಾ ಮರದ ಗಿಟಾರ್) ಮುಟ್ಟದೆ ನೇರವಾಗಿ ಎಲೆಕ್ಟ್ರಿಕ್‌ನಲ್ಲೇ ಶುರು ಮಾಡ್ತೀನಿ, ವಾರಕ್ಕೊಂದು ಕ್ಲಾಸ್ ಬೇಡ, ವಿಡಿಯೊ ಕಳಿಸಿ ತಿದ್ದಿಸಿಕೊಳ್ತೀನಿ, ಎರಡು ತಿಂಗಳಿಗೊಮ್ಮೆ ಮಾತ್ರ ಬೆಂಗಳೂರಿಗೆ ಹೋಗಿ ಮೇಷ್ಟ್ರ ಎದುರು ಕೂರ್ತೀನಿ. ಹೀಗೆ ಹೇಳಿದಾಗ ಶಿವಮೊಗ್ಗದ ನನ್ನ ಗಿಟಾರ್ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. "ಮೊದಲು ಅಕೌಸ್ಟಿಕ್‌ನಲ್ಲಿ ಬೆರಳು ಗಟ್ಟಿ ಆಗಲಿ ಮಾರಾಯ, ಆಮೇಲೆ ಇದೆಲ್ಲ" ಎಂದರು. ಈಗ ಒಂದೂವರೆ ವರ್ಷದ ಮೇಲಾಯಿತು. ಹೋದ ರಾಜ್ಯೋತ್ಸವಕ್ಕೆ ನಮ್ಮ ಬಡಾವಣೆಯ ಆರ್ಕೆಸ್ಟ್ರಾದಲ್ಲಿ ಲೀಡ್ (ಮುಖ್ಯ) ಗಿಟಾರ್ ನುಡಿಸಿದ್ದು ನಾನೇ. ಅದಕ್ಕೇ ಇದನ್ನು ಧೈರ್ಯವಾಗಿ ಬರೀತಿದ್ದೇನೆ.

ಗಿಟಾರ್ ವಿಷಯ ಬೇಗ ಮುಗಿಸುತ್ತೇನೆ. ಸೆಕೆಂಡ್ ಹ್ಯಾಂಡ್ ಯಮಹಾ ಪೆಸಿಫಿಕಾ 012, ಸುಮಾರು 11,000 ರೂಪಾಯಿ. ಸೆಟಪ್‌ಗೆ, ಅಂದರೆ ನುಡಿಸೋಕೆ ಸಲೀಸಾಗೋ ಹಾಗೆ ಗಿಟಾರನ್ನು ಹೊಂದಿಸೋಕೆ, 1,000 ಚಿಲ್ಲರೆ. 12ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಹತ್ತಿರ ಆಕ್ಷನ್, ಅಂದರೆ ತಂತಿಯ ಎತ್ತರ, 1.6 ಮಿಲಿಮೀಟರ್‌ಗೆ ಇಳಿಸಿ, 9-42 ಅನ್ನೋ ತೆಳು ತಂತಿ ಹಾಕಿಸಿದೆ. ಸೆಟಪ್ ಮಾಡಿಸದೆ ಕ್ಲಾಸಿಗೆ ದುಡ್ಡು ಕಟ್ಟಬೇಡಿ. ಇದರಲ್ಲಿ ಎರಡು ಮಾತಿಲ್ಲ.

ಇನ್ನು ಈ ದಾರಿಗೆ ಬರೋ ಮೊದಲು ದುಡ್ಡು ಹೋದ ಕತೆ. ಮೊದಲು ಸೇರಿದ್ದು ಇಲ್ಲೇ ಹತ್ತಿರದ ಒಂದು ಕ್ಲಾಸಿಗೆ. ಮೂರು ತಿಂಗಳ ಫೀಸು ಮುಂಗಡ, ಸುಮಾರು 6,000. ಒಂದೇ ಕೋಣೆಯಲ್ಲಿ ಎಂಟು ಹತ್ತು ಮಕ್ಕಳು, ಎಲ್ಲರ ಕೈಯಲ್ಲೂ ಅಕೌಸ್ಟಿಕ್. ನನ್ನ ಗಿಟಾರಿನ ಕೇಬಲ್ ಚುಚ್ಚೋಕೆ ಅಲ್ಲಿ ಆಂಪ್ (ಸದ್ದು ಹೊರಡಿಸುವ ಆಂಪ್ಲಿಫೈಯರ್) ಇರಲಿಲ್ಲ. ಜಿ, ಸಿ, ಡಿ ಕಾರ್ಡ್ ಹಿಡಿದು ಸ್ಟ್ರಮ್ ಮಾಡಿ (ಎಲ್ಲ ತಂತಿ ಒಟ್ಟಿಗೆ ಮೀಟಿ) ಎಂದರು, ಮಾಡಿದೆ. ಆದರೆ ನಾನು 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಬ್ಯಾಂಡ್ ಕೇಳಿ ಬಂದವನು. ಅದರ ಗಿಟಾರ್ ವಾದಕ ಹೆಟ್‌ಫೀಲ್ಡ್ ಬಲಗೈಯಿಂದ ಬರುವ ಆ ಬಿಗಿಯಾದ ಪಾಮ್ ಮ್ಯೂಟ್ (ಅಂಗೈ ಅಂಚು ತಂತಿಗೆ ತಾಗಿಸಿ ನುಡಿಸೋದು) ಸದ್ದು ನನಗೆ ಬೇಕಿತ್ತು. ಅದನ್ನು ಕೇಳಿದರೆ "ಅದೆಲ್ಲ ಎರಡನೇ ವರ್ಷ" ಎಂಬ ಉತ್ತರ ಬಂತು.

ಆಮೇಲೆ ರೆಕಾರ್ಡೆಡ್ ಕೋರ್ಸ್ ಒಂದು, 5,000ದ ಹತ್ತಿರ. ವಿಡಿಯೊಗಳು ಚೆನ್ನಾಗಿದ್ದವು. ಆದರೆ ನನ್ನ ಕೈ ನೋಡೋರು ಯಾರೂ ಇಲ್ಲ. ಪಾಠದ ಕ್ರಮ ಮಾತ್ರ ಬೇಕು ಅನ್ನೋರಿಗೆ ಇಂಟರ್ನೆಟ್‌ನಲ್ಲಿರುವ ಜಸ್ಟಿನ್ ಸ್ಯಾಂಡರ್ಕೋ ಅವರ ಉಚಿತ ಪಾಠಗಳೇ ಸಾಕು. ನಾನು ಈಗಲೂ ಅದೇ ಕ್ರಮದಲ್ಲಿ ಹೋಗ್ತೀನಿ. ದುಡ್ಡು ಕೊಡಬೇಕಾದ್ದು ಪಾಠಕ್ಕಲ್ಲ, ತಿದ್ದೋದಕ್ಕೆ. ಇಷ್ಟು ಗೊತ್ತಾದ ಮೇಲೆ ಉಳಿದದ್ದು ಸಲೀಸಾಯಿತು.

ಮೂರನೆಯದು ಜೂಮ್‌ನಲ್ಲಿ ವಾರಕ್ಕೊಂದು ಲೈವ್ ಕ್ಲಾಸ್, ತಲಾ 700. ನಾನು ಒಂದು ಸ್ವರ ಎಳೆದು ನಿಲ್ಲಿಸಿದರೆ ಆ ಕಡೆ ಅರ್ಧಕ್ಕೇ ಕಟ್ ಆಗುತ್ತಿತ್ತು. ಮೇಷ್ಟ್ರು ನೆಟ್ ಸರಿಯಿಲ್ಲ ಎನ್ನುತ್ತಿದ್ದರು. ತೊಂದರೆ ನೆಟ್‌ನದ್ದಲ್ಲ. ಜೂಮ್ ಮಾತನ್ನು ಮಾತ್ರ ಉಳಿಸಿಕೊಂಡು ಬೇರೆ ಸದ್ದನ್ನು ಗದ್ದಲ ಅಂತ ಅಳಿಸುತ್ತದೆ. ಆಡಿಯೊ ಸೆಟ್ಟಿಂಗ್‌ನಲ್ಲಿ ಸಂಗೀತಗಾರರಿಗೆ ಅಂತಲೇ 'ಒರಿಜಿನಲ್ ಸೌಂಡ್' ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿದ ದಿನವೇ ನನ್ನ ಬೆಂಡ್ (ತಂತಿ ಎಳೆದು ಸ್ವರ ಏರಿಸೋದು) ಅವರಿಗೆ ಪೂರ್ತಿ ಕೇಳಿಸಿತು. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡರೆ ಸದ್ದು ತಡವಾಗಿ ಬರುತ್ತದೆ, ವೈರ್ ಇರೋದನ್ನೇ ಬಳಸಿ. ಇಷ್ಟೆಲ್ಲ ಸರಿಮಾಡಿದರೂ ಇಬ್ಬರೂ ಒಟ್ಟಿಗೆ ನುಡಿಸೋಕೆ ಆಗಲ್ಲ. ಒಂದು ಗಂಟೆಯಲ್ಲಿ ಅರ್ಧ ಗಂಟೆ "ಕೇಳಿಸ್ತಿದೆಯಾ"ದಲ್ಲೇ ಹೋಗುತ್ತಿತ್ತು. ಲೈವ್‌ಗಿಂತ ರೆಕಾರ್ಡ್ ಮಾಡಿ ಕಳಿಸೋದೇ ಮೇಲು ಅಂತ ನನಗೆ ಅನಿಸಿದ್ದು ಆಗ.

ಮೇಷ್ಟ್ರನ್ನು ಆರಿಸಿದ್ದು ಹೀಗೆ. ಒಂದು ನಿಮಿಷದ ಒಂದೇ ವಿಡಿಯೊ ತೆಗೆದೆ. ಆಂಪ್‌ನಲ್ಲಿ ಗೇನ್ (ಸದ್ದು ಒರಟಾಗಿಸುವ ಗುಂಡಿ) ಚೆನ್ನಾಗಿ ಏರಿಸಿ, ಆರನೇ, ಅಂದರೆ ಎಲ್ಲಕ್ಕಿಂತ ದಪ್ಪ ತಂತಿಯ ಮೇಲೆ ಪಾಮ್ ಮ್ಯೂಟ್, ಅಲ್ಲಿಂದ ಐದನೇ ತಂತಿಯ ಪವರ್ ಕಾರ್ಡ್‌ಗೆ (ಎರಡೇ ಸ್ವರದ ಕಾರ್ಡ್) ಹಾರುವ ಸಾದಾ ರಿಫ್ (ಮತ್ತೆ ಮತ್ತೆ ಬರುವ ಸಣ್ಣ ತುಣುಕು). ಕೊನೆಗೆ ಮೂರನೇ ತಂತಿ ಏಳನೇ ಫ್ರೆಟ್‌ನಲ್ಲಿ ಒಂದು ಫುಲ್ ಬೆಂಡ್, ಅಂದರೆ ಎರಡು ಫ್ರೆಟ್‌ನಷ್ಟು ಸ್ವರ ಏರಿಸೋದು. ಎರಡೂ ಕೈ ಕಾಣುವ ಹಾಗೆ ಫೋನ್ ಇಟ್ಟಿದ್ದೆ. ಅದೇ ವಿಡಿಯೊವನ್ನು ಏಳೆಂಟು ಮೇಷ್ಟ್ರುಗಳಿಗೆ ಕಳಿಸಿ, "ಇದನ್ನು ತಿದ್ದಿಕೊಡಿ, ಇದಕ್ಕೆ ಎಷ್ಟಾಗುತ್ತೋ ಕೊಡ್ತೀನಿ" ಎಂದೆ.

ಒಬ್ಬರು ಸಿಲೆಬಸ್ ಪಿಡಿಎಫ್ ಕಳಿಸಿದರು. ಇನ್ನೊಬ್ಬರು "ಸೂಪರ್ ಸರ್" ಅಂತ ಹೇಳಿ ಆರು ತಿಂಗಳ ಪ್ಯಾಕೇಜ್ ರೇಟ್ ಹಾಕಿದರು. ಒಬ್ಬರಿಗೆ ನನ್ನ ಗಿಟಾರೇ ಇಷ್ಟ ಆಗಲಿಲ್ಲ, ಇನ್ನೊಂದು ಹದಿನೈದು ಸಾವಿರ ಹಾಕಿ ಎಂದರು. ಮತ್ತೊಬ್ಬರು ಗ್ರೇಡ್ ಪರೀಕ್ಷೆ ಮಾಡಿಸ್ತೀನಿ ಎಂದರು. ಲಂಡನ್ನಿನ ಟ್ರಿನಿಟಿ ಕಾಲೇಜಿನ ರಾಕ್ ಅಂಡ್ ಪಾಪ್ ಗ್ರೇಡ್‌ಗಳು ಮಕ್ಕಳಿಗೆ ಒಳ್ಳೇದೇ, ಮೂರು ಹಾಡು ಪೂರ್ತಿ ತಯಾರಿ ಮಾಡಲೇಬೇಕಾಗುತ್ತದೆ. ನಲವತ್ತರ ಹತ್ತಿರದ ನನಗೆ ಸರ್ಟಿಫಿಕೇಟ್ ಬೇಕಿರಲಿಲ್ಲ.

ಒಬ್ಬರು ಮಾತ್ರ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರು. "ಐದನೇ ತಂತಿ ಮೇಲೆ ಪವರ್ ಕಾರ್ಡ್ ಹಿಡಿದಾಗ ಆರನೇದು ಕೂಗ್ತಾ ಇದೆ. ತೋರುಬೆರಳಿನ ತುದಿ ಅದಕ್ಕೆ ಸುಮ್ನೆ ತಾಗಲಿ. ಅದೇ ಬೆರಳು ಸ್ವಲ್ಪ ಮಲಗಿದರೆ ಕೆಳಗಿನ ಮೂರು ತಂತಿನೂ ಬಾಯಿ ಮುಚ್ಚುತ್ತವೆ. ಬೆಂಡ್ ಪೂರ್ತಿ ಏರಿಲ್ಲ. ಎರಡನೇ ತಂತಿ ಐದನೇ ಫ್ರೆಟ್ ನುಡಿಸಿ, ಆ ಸ್ವರ ಕಿವೀಲಿ ಇಟ್ಕೊಂಡು ಬೆಂಡ್ ಮಾಡಿ. ಈಗ ಗೇನ್ ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ." ಅಷ್ಟೇ. ಅವರನ್ನೇ ಹಿಡಿದೆ.

ಅಕೌಸ್ಟಿಕ್ ಮೊದಲು ಅನ್ನೋ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳೋದು ಇದೇ ಕಾರಣಕ್ಕೆ. ಅಕೌಸ್ಟಿಕ್‌ನಲ್ಲಿ ತಂತಿಯ ಸದ್ದು ಬೇಗ ಸಾಯುತ್ತದೆ. ಎಲೆಕ್ಟ್ರಿಕ್‌ನಲ್ಲಿ ಗೇನ್ ಏರಿಸಿದರೆ ಮುಟ್ಟದ ತಂತಿಯೂ ಅರಚುತ್ತದೆ. ನುಡಿಸೋದು ಅರ್ಧ ಕೆಲಸ, ಬೇಡದ ತಂತಿಗಳನ್ನು ಸುಮ್ಮನಿರಿಸೋದು ಇನ್ನರ್ಧ. ವರ್ಷಗಟ್ಟಲೆ ಅಕೌಸ್ಟಿಕ್ ಸ್ಟ್ರಮ್ ಮಾಡಿದ ನನ್ನ ಗೆಳೆಯನ ಕೈಗೆ ನನ್ನ ಗಿಟಾರ್ ಕೊಟ್ಟು ಡಿಸ್ಟಾರ್ಷನ್ (ಗೇನ್ ಏರಿಸಿದ ಒರಟು ಸದ್ದು) ಹಾಕಿದೆ. ಎಲ್ಲ ತಂತಿಗಳೂ ಒಟ್ಟಿಗೆ ಕೂಗಿದವು. ಬೆರಳು ಗಟ್ಟಿ ಇತ್ತು, ಮ್ಯೂಟಿಂಗ್ ಇರಲಿಲ್ಲ.

ಮೇಷ್ಟ್ರುಗಳನ್ನು ಪರೀಕ್ಷಿಸೋಕೆ ಕಳಿಸಿದ ಆ ವಿಡಿಯೊದಲ್ಲಿ ಮ್ಯೂಟಿಂಗ್, ಬೆಂಡ್ ಬಿಟ್ಟು ಬೇಕಂತಲೇ ಇನ್ನೊಂದು ತಪ್ಪು ಇಟ್ಟಿದ್ದೆ. ಅದು ಏನು ಅಂತ ಇಲ್ಲಿ ಬರೆಯಲ್ಲ. ಮೇಷ್ಟ್ರುಗಳೂ ಓದ್ತಾರೆ, ಆಮೇಲೆ ಪರೀಕ್ಷೆ ಕೆಲಸಕ್ಕೆ ಬರಲ್ಲ. ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ತಪ್ಪನ್ನು ನೀವೇ ಇಟ್ಟು ನೋಡಿ.

ಲೆಕ್ಕ ಹೀಗಿದೆ. ತಿಂಗಳಿಗೆ ಎರಡು ವಿಡಿಯೊ, ತಿದ್ದೋಕೆ ತಲಾ 350ರ ಹಾಗೆ. ಎರಡು ತಿಂಗಳಿಗೊಮ್ಮೆ ಬೆಳಗಿನ ಜನಶತಾಬ್ದಿ ಹತ್ತಿ ಬೆಂಗಳೂರು, ಮಧ್ಯಾಹ್ನ ಎರಡು ಗಂಟೆ ಪಾಠ, ಸಂಜೆ ಅದೇ ರೈಲಿಗೆ ವಾಪಸ್. ಪಾಠಕ್ಕೆ 1,500, ರೈಲು, ಮೆಟ್ರೊ, ಊಟ ಎಲ್ಲ ಸೇರಿ 900 ಆಗಬಹುದು. ಎರಡು ತಿಂಗಳಿಗೆ 3,800. ಜೂಮ್‌ನ ಹಾಗೆ 700ಕ್ಕೆ ವಾರಕ್ಕೊಂದು ಕ್ಲಾಸ್ ಅಂದಿದ್ದರೆ 5,600 ಆಗುತ್ತಿತ್ತು. ಎದುರು ಕೂತಾಗ ಮೇಷ್ಟ್ರು ನನ್ನ ಬಲಗೈ ಮಣಿಕಟ್ಟನ್ನು ಹಿಡಿದು ಬ್ರಿಡ್ಜ್ (ತಂತಿಗಳು ಕೂರುವ ಪಟ್ಟಿ) ಮೇಲೆ ಎರಡು ಮಿಲಿಮೀಟರ್ ಆಚೆ ಈಚೆ ಸರಿಸಿ ಸದ್ದು ಕೇಳಿಸ್ತಾರೆ. ಇದು ಯಾವ ವಿಡಿಯೊದಲ್ಲೂ ಆಗಲ್ಲ. ಅದಕ್ಕೇ ರೈಲಿನ ಖರ್ಚನ್ನು ನಾನು ಉಳಿಸೋಕೆ ಹೋಗಲ್ಲ. ಮುಂಗಡ ಮಾತ್ರ ಯಾರಿಗೂ ಕೊಡಲ್ಲ, ಆಯಾ ಪಾಠದ ದುಡ್ಡು ಆಯಾ ಪಾಠಕ್ಕೆ.

ಮನೆಯಲ್ಲಿ ಅಭ್ಯಾಸಕ್ಕೆ ಒಂದು ತೊಂದರೆ ಇತ್ತು. ಮಳೆಗಾಲದಲ್ಲಿ ಕರೆಂಟ್ ಹೋಗಿ ಇನ್ವರ್ಟರ್ ಆನ್ ಆದರೆ ಸಿಂಗಲ್ ಕಾಯಿಲ್ ಪಿಕಪ್‌ನಿಂದ (ತಂತಿಯ ಕಂಪನ ಹಿಡಿಯುವ ಗಿಟಾರಿನ ಭಾಗ) ಜುಂಯ್ ಅಂತ ಸದ್ದು. ಎರಡು ಸಣ್ಣ ಸೆಲ್ ಹಾಕುವ ವಾಕ್ಸ್ ಆಮ್‌ಪ್ಲಗ್ ಎಂಬ ಪುಟ್ಟ ಹೆಡ್‌ಫೋನ್ ಆಂಪ್ ತಂದೆ, 3,500ರ ಆಸುಪಾಸು. ದೊಡ್ಡ ಆಂಪಿನ ವೈರನ್ನು ಕರೆಂಟಿನಿಂದ ಕಿತ್ತಿಟ್ಟು, ಇನ್ವರ್ಟರ್‌ನಿಂದ ದೂರ ಕೂತು ಹೆಡ್‌ಫೋನ್‌ನಲ್ಲಿ ನುಡಿಸಿದರೆ ಸದ್ದು ಎಷ್ಟೋ ಕಮ್ಮಿ. ಮಲೆನಾಡಿನವರು ತಂತಿಗಳನ್ನು ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿಡಿ, ಇಲ್ಲಾಂದ್ರೆ ಜುಲೈನಲ್ಲಿ ತಿಂಗಳೊಳಗೆ ತುಕ್ಕು.

ಮಧ್ಯೆ ಒಂದು ಪ್ರಯೋಗ ಮಾಡಿದೆ, ಅದನ್ನೂ ಹೇಳಿಬಿಡ್ತೀನಿ. ಅಕ್ಕ ಸಣ್ಣವಳಿದ್ದಾಗ ಕರ್ನಾಟಕ ಸಂಗೀತ ಕಲಿತಿದ್ದಳು. ಅದರ ಮೊದಲ ಪಾಠವಾದ ಸರಳೆ ವರಸೆಯನ್ನು ಒಂದೇ ತಂತಿಯ ಮೇಲೆ ನುಡಿಸಿದರೆ ಹೇಗೆ ಅಂತ ಇಬ್ಬರೂ ಕೂತೆವು. ಮಾಯಾಮಾಳವಗೌಳ ರಾಗಕ್ಕೆ ಫ್ರೆಟ್‌ಗಳು 0 (ಬರಿ ತಂತಿ), 1, 4, 5, 7, 8, 11, 12. ಫೋನ್‌ನಲ್ಲಿ ತಂಬೂರಿ ಶ್ರುತಿ ಹಾಕಿಕೊಂಡು ಮೂರು ಕಾಲದಲ್ಲಿ ನುಡಿಸಿದೆ. ಆಲ್ಟರ್ನೇಟ್ ಪಿಕಿಂಗ್‌ಗೆ (ಒಮ್ಮೆ ಕೆಳಗೆ, ಒಮ್ಮೆ ಮೇಲೆ ಮೀಟೋದು) ಇದಕ್ಕಿಂತ ಒಳ್ಳೇ ಅಭ್ಯಾಸ ನನಗಂತೂ ಸಿಕ್ಕಿಲ್ಲ. ಎಲ್ಲರೂ ಉರು ಹೊಡೆಯುವ ಮೈನರ್ ಪೆಂಟಾಟಾನಿಕ್ ಎಂಬ ಐದು ಸ್ವರದ ಸ್ಕೇಲ್ ಅಂದರೆ ಶುದ್ಧ ಧನ್ಯಾಸಿ ರಾಗದ ಸ್ವರಗಳೇ. ಅಕ್ಕ ಹಾಡಿದ ಗಾಂಧಾರವನ್ನು ಬೆಂಡ್‌ನಲ್ಲಿ ಹಿಡಿಯೋಕೆ ಹೋಗಿ ನನ್ನ ಬೆಂಡ್ ಎಷ್ಟೋ ಸುಧಾರಿಸಿತು. ಫ್ರೆಟ್ ಇರುವ ಎಲೆಕ್ಟ್ರಿಕ್ ವಾದ್ಯದಲ್ಲಿ ಗಮಕ ಬರಲ್ಲ ಅನ್ನೋರು ಯು. ಶ್ರೀನಿವಾಸ್ ಅವರ ಮ್ಯಾಂಡೊಲಿನ್ ಕೇಳಲಿ. ಮೇಷ್ಟ್ರಿಗೆ ಇದರ ವಿಡಿಯೊ ಕಳಿಸಿದಾಗ ಅವರೂ ತಮ್ಮ ಬೇರೆ ಶಿಷ್ಯರಿಗೆ ಒಂದೇ ತಂತಿಯ ಅಭ್ಯಾಸ ಕೊಡೋಕೆ ಶುರು ಮಾಡಿದರು. ಅದು ನನಗೆ ಬಹಳ ಖುಷಿ ಕೊಟ್ಟ ವಿಷಯ.

ರಾಜ್ಯೋತ್ಸವದ ದಿನ ಕಾರ್ಯಕ್ರಮ ಮುಗಿದ ಮೇಲೆ ಕೀಬೋರ್ಡ್ ನುಡಿಸುವವರು ಬಂದು "ಎಷ್ಟು ವರ್ಷದಿಂದ ನುಡಿಸ್ತಿದ್ದೀರಿ" ಅಂತ ಕೇಳಿದರು. ಹೇಳಿದೆ, ನಂಬಲಿಲ್ಲ. ಅಕೌಸ್ಟಿಕ್ ಮೊದಲು ಅಂತ ಪಟ್ಟು ಹಿಡಿದಿದ್ದ ಗೆಳೆಯ ಈಗ ತನ್ನ ಮಗನಿಗೆ ನೇರ ಎಲೆಕ್ಟ್ರಿಕ್ ಕೊಡಿಸಿದ್ದಾನೆ. ಹುಡುಗನ ಮೊದಲ ವಿಡಿಯೊವನ್ನು ನಮ್ಮ ಮನೆಯಲ್ಲೇ ತೆಗೆದು ನಾಲ್ಕು ಜನ ಮೇಷ್ಟ್ರುಗಳಿಗೆ ಕಳಿಸಿದ್ದೇವೆ, ಇಬ್ಬರ ಉತ್ತರ ಬಂದಿದೆ. ನನ್ನ ಮೇಷ್ಟ್ರು ಯುಗಾದಿಯಿಂದ ವಿಡಿಯೊಗೆ 500 ಮಾಡ್ತಾರಂತೆ. ಕೊಡ್ತೀನಿ.